ಸರಸಕ್ಕನ ದೈವ

ಮೂಗಿ ಮಾತಾಡಿದಳು ಎಂಬ ಸುದ್ದಿ ಹಿತ್ತಿಲಿನಿಂದ ಅಡುಗೆಮನೆಗೆ ಮುಟ್ಟುವಷ್ಟರಲ್ಲಿ ಅದಕ್ಕೆ ಕೈಕಾಲು ಮೂಡಿ, ದೈವವೇ ಆಗಿಬಿಟ್ಟಿತ್ತು.

"ಬಾಬು, ಹುರಿಯೋದು ಬಿಟ್ಟು ಓಡಿ ಬಾ," ಎಂದಳು ದೋಸೆ ಮಾಸ್ತರನ ಹೆಂಡತಿ ಜಲಜಕ್ಕ. ಅವಳ ಬಿಡಾರಕ್ಕೂ ಬಾಬುವಿನ ಬಿಡಾರಕ್ಕೂ ನಡುವೆ ಒಂದು ಹಲಗೆ ಗೋಡೆ. "ನಿನ್ನ ಅಮ್ಮನ ಮೈಮೇಲೆ ಬಂದಿದೆ ಮಾರಾಯ. ಬಾಯಿಲ್ಲದ ಸರಸಕ್ಕ ನಿಲ್ಲಿಸದೆ ನುಡಿ ಕೊಡ್ತಾ ಇದ್ದಾಳೆ. ಅದೆಂತ ಭಾಷೆಯೋ, ಮನುಷ್ಯರದ್ದಂತೂ ಅಲ್ಲ."

ಬಾಬುವಿನ ಸೌಟು ಬಾಣಲೆಯಲ್ಲೇ ನಿಂತಿತು. ಕಾಫಿಬೀಜ ಕರಕಾಗುವ ವಾಸನೆ ಎದ್ದಿತು. ಅದು ಯಾವ ಭಾಷೆ ಎಂದು ತಾಂಬರಂ ಸ್ಟೇಷನ್ನಿನ ಎದುರಿನ ಈ ಹೋಟೆಲಿನಲ್ಲಿ ಬಲ್ಲವರು ಅವನು ಮತ್ತು ಗಲ್ಲಾದಲ್ಲಿ ಕೂತ ದೊಡ್ಡಪ್ಪ ಕೃಷ್ಣರಾಜರು, ಅಷ್ಟೇ.

ಅಪ್ಪ ಹರಿದಾಸ ಹಿಟ್ಲರನ ಯುದ್ಧಕ್ಕೆ ಮೊದಲು ಸುಮಾತ್ರಾ ದ್ವೀಪಕ್ಕೆ ಅಡುಗೆಗೆಂದು ಹೋದವನು. ಜಪಾನಿಯರು ಬಂದಾಗ ಬೆಟ್ಟ ಹತ್ತಿ ಓಡಿ, ಗಾಯೋ ಜನರ ಒಂದು ಪುಟ್ಟ ಹಳ್ಳಿಯಲ್ಲಿ ತಲೆಮರೆಸಿಕೊಂಡ. ಆ ಹಳ್ಳಿಯನ್ನು ಅವನು ಸಾಯುವ ಹಿಂದಿನ ವರ್ಷ ಮದರಾಸಿನ ಎಲಿಯಟ್ಸ್ ಬೀಚಿನ ಮರಳಲ್ಲಿ ಕೂತು ಮಗನಿಗೆ ಮಾತಿನಲ್ಲಿ ಕಟ್ಟಿಕೊಟ್ಟಿದ್ದ. ಕೆಳಗೆ ಸರೋವರ, ಮೇಲೆ ಮಂಜು, ನಡುವೆ ಕಂಬದ ಮೇಲೆ ನಿಂತ ಮರದ ಮನೆಗಳು. ಮನೆ ಮುಂದೆಲ್ಲ ಚಾಪೆಯ ಮೇಲೆ ಕಾಫಿ. ಬೀಜ ಸಂತೆಗೆ ಹೋದರೆ ಮನೆಯವರಿಗೆ ಎಲೆ; ಎಲೆಯನ್ನೇ ಒಲೆಯ ಹೊಗೆಯಲ್ಲಿ ಒಣಗಿಸಿ ಕುದಿಸಿ ಕುಡಿಯುವರು. ಸಸಿ ನೆಟ್ಟರೆ ಅದಕ್ಕೆ ಮದುವೆಯನ್ನೂ ಮಾಡುವರು. ಗಾಳಿಯೇ ಗಂಡ, ನೀರೇ ಹಿರಿಯ, ಮಣ್ಣೇ ಸಾಕ್ಷಿ.

"ನನಗೂ ನಿನ್ನ ಅಮ್ಮನಿಗೂ ಅದೇ ಸಾಕ್ಷಿ ಮಗಾ," ಎಂದು ಅಪ್ಪ ನಕ್ಕಿದ್ದ.

ಅಷ್ಟು ಸಾಕ್ಷಿಯಿದ್ದವನು ಮದರಾಸಿನ ಬಂದರಿನಲ್ಲಿ ಅಣ್ಣನ ಮುಖ ಕಂಡದ್ದೇ ತಡ, ಕುಗ್ಗಿಹೋದ. "ಪೆನಾಂಗಿನಲ್ಲಿದ್ದ ನಮ್ಮ ಉಡುಪಿ ಕಡೆಯವರ ಮಗಳು. ತಬ್ಬಲಿ. ಪಾಪ, ಮೂಗಿ." ಕನ್ನಡ ಕಲಿಯುವ ತನಕ ಸಾಕೆಂದು ಆಡಿದ ಸುಳ್ಳು. ಅಮ್ಮ ಕನ್ನಡ ಕಲಿತಳು. ಬಾಯಿ ಬಿಡುವ ಮುಹೂರ್ತ ಮಾತ್ರ ಕೂಡಿಬರಲಿಲ್ಲ. ನಿಜ ತಿಳಿದ ದಿನ ದೊಡ್ಡಪ್ಪ ಹೋಟೆಲಿನ ಮಡಿಗೆ ಹೆದರಿ ಆ ಸುಳ್ಳಿಗೇ ಬೀಗ ಜಡಿದರು. ಅಂದಿನಿಂದ ಅಮ್ಮ ಸರಸ. ಅಂದಿನಿಂದ ಅವಳ ಪರವಾಗಿ ಮಾತಾಡಿದ್ದು ಹಿಟ್ಟು ರುಬ್ಬುವ ಕಲ್ಲು. ಹೆತ್ತ ಮಗನಿಗೆ ಒಂದು ಜೋಗುಳವಿಲ್ಲ. ಅಪ್ಪನ ಮೇಲೆ, ದೊಡ್ಡಪ್ಪನ ಮೇಲೆ ಬಾಬುವಿಗಿದ್ದ ಸಿಟ್ಟು ಇದ್ದಿಲ ಕೆಂಡ; ಮೇಲೆ ಬೂದಿ ಇತ್ತು, ಅಷ್ಟೇ.

ಮಾತಿಗೆ ಇದಕ್ಕಿಂತ ಕೆಟ್ಟ ಹೊತ್ತು ಸಿಗುತ್ತಿರಲಿಲ್ಲ. ಪಾಕಿಸ್ತಾನದೊಡನೆ ಯುದ್ಧ ಹತ್ತಿತ್ತು. ತಾಂಬರಂ ವಿಮಾನ ನೆಲೆಯ ಸುತ್ತ ಕಿಟಕಿಗಳಿಗೆಲ್ಲ ಕಪ್ಪು ಕಾಗದ. ಇಂಡೋನೇಷ್ಯಾ ಶತ್ರುವಿನ ಪಕ್ಷ ವಹಿಸಿದೆ, ಜಕಾರ್ತಾದಲ್ಲಿ ನಮ್ಮ ರಾಯಭಾರ ಕಚೇರಿಗೆ ನುಗ್ಗಿದರಂತೆ ಎಂದು ಗಿರಾಕಿಗಳು ಪೇಪರು ಓದಿ ಹಲ್ಲು ಕಡಿಯುತ್ತಿದ್ದರು. ಅಮ್ಮ ಜ್ವರದಿಂದ ಮಲಗಿದ್ದೂ ಅದೇ ವಾರ. ಆಸ್ಪತ್ರೆ ಎಂದಾಗಲೆಲ್ಲ ದೊಡ್ಡಪ್ಪನದು ಒಂದೇ ರಾಗ: "ಕಷಾಯ ಕೊಡು, ಇಳೀತದೆ."

ಬಾಬು ಬಿಡಾರಕ್ಕೆ ಬಂದಾಗ ಹೆಂಗಸರು ಬಾಗಿಲು ತುಂಬಿದ್ದರು. ಧೂಪದ ಹೊಗೆಗೆ ಕಣ್ಣು ಉರಿಯುತ್ತಿತ್ತು. ಅಮ್ಮನ ಹಣೆಗೆ ಅಂಗೈಯಗಲ ಕುಂಕುಮ. ಬೆವರಿಗೆ ಕರಗಿ ಕೆನ್ನೆಗಿಳಿದಿತ್ತು. ಕಣ್ಣು ಅರೆ ತೆರೆದಿತ್ತು. ಗಂಟಲಿನಿಂದ ಬರುತ್ತಿತ್ತು, ಅವನು ಹುಟ್ಟಿದಂದಿನಿಂದ ಕೇಳದ ದನಿ. ಚಿಕ್ಕ ಹುಡುಗಿಯ ದನಿ. ಅವನು ಹೆಂಗಸರ ನಡುವೆ ನುಸುಳಿ ಚಾಪೆಯ ಪಕ್ಕ ಕೂತ.

"ಪಂಜುರ್ಲಿಯೇ ಇದು," ಎಂದಳೊಬ್ಬಳು.

"ಸುಮ್ಮನಿರೆ. ಹೆಣ್ಣು ದೈವ. ಕಲ್ಲುರ್ಟಿ," ಎಂದಳು ಜಲಜಕ್ಕ. "ತಾಯೀ, ನಮ್ಮ ರತ್ನಾವತಿಗೆ ಕಂಕಣಬಲ ಯಾವಾಗ? ಅಪ್ಪಣೆಯಾಗಲಿ."

"ವೀಹ್," ಎಂದಳು ಅಮ್ಮ. "ವೀಹ್... ವೀಹ್."

ಅಪ್ಪ ಕಲಿಸಿದ ನಾಲ್ಕಾರು ಶಬ್ದಗಳಲ್ಲಿ ಅದೊಂದು. ನೀರು. ಬಾಬು ತಂಬಿಗೆಗೆ ಕೈಹಾಕಿದ.

"ಮುಟ್ಟಬೇಡ ಮಾಣಿ, ದೈವ ಇಳಿಯುವ ತನಕ ಮುಟ್ಟಲಿಕ್ಕುಂಟಾ?" ಜಲಜಕ್ಕ ಅವನ ರಟ್ಟೆ ಹಿಡಿದಳು. ಅವನು ಕೊಸರಿಕೊಂಡು ಅಮ್ಮನ ತಲೆಯೆತ್ತಿ ನೀರು ಬಿಟ್ಟ. ಅರ್ಧ ಒಳಗೆ, ಅರ್ಧ ಕುತ್ತಿಗೆಗೆ. ಮೈ ಹಂಚಿನ ಹಾಗೆ ಕಾದಿತ್ತು. ಎತ್ತಿಕೊಳ್ಳಲು ಹೋದರೆ ಹೆಂಗಸರು ಅಡ್ಡ ಕೂತರು.

ದೊಡ್ಡಪ್ಪ ಬಂದು ಅವನನ್ನು ಸೌದೆಕೊಟ್ಟಿಗೆಗೆ ಎಳೆದೊಯ್ದರು.

"ದೇವರೇ ತೋರಿಸಿದ ದಾರಿ ಇದು," ಎಂದು ಪಿಸುಗುಟ್ಟಿದರು. "ದೈವ ಅಂದರೆ ದೈವ. ಯಾರಿಗೂ ಸಂಶಯವಿಲ್ಲ."

"ಅವಳು ಸಾಯ್ತಾ ಇದ್ದಾಳೆ ದೊಡ್ಡಪ್ಪ."

"ಆಸ್ಪತ್ರೆಯಲ್ಲಿ ಬಾಯಿ ಬಿಟ್ಟರೆ? ವಿಮಾನ ನೆಲೆಯ ಬುಡದಲ್ಲಿ, ಶತ್ರುದೇಶದವಳು, ಇಷ್ಟು ವರ್ಷ ಮೂಗಿಯ ವೇಷ ಹಾಕಿ! ಬೇಹುಗಾರ್ತಿ ಅಂತಾರೆ. ಅವಳನ್ನೂ ಒಯ್ತಾರೆ, ನನ್ನನ್ನೂ. ಅವಳು ರುಬ್ಬಿದ ಹಿಟ್ಟಿನ ದೋಸೆ ತಿಂದವರು ಹೋಟೆಲಿಗೆ ಬೆಂಕಿ ಇಡ್ತಾರೆ. ಸ್ವಲ್ಪ ತಡಿ. ಜ್ವರ ಇಳೀತದೆ."

"ಅವಳು ಇಳಿದು ಹೋದ ಮೇಲಾ?"

ದೊಡ್ಡಪ್ಪನ ಕಣ್ಣು ಬಾಬುವಿನ ಹೆಗಲಾಚೆ ನೆಟ್ಟಿತ್ತು. ಹಿತ್ತಿಲಿಗೆ ಖಾಕಿ ಬಂದಿತ್ತು.

ದಿನಾ ಕಾಫಿಗೆ ಬರುವ ಹೆಡ್ ಕಾನ್‌ಸ್ಟೇಬಲ್. ಹೋಟೆಲಿನವರಿಗೆಲ್ಲ ಏಟಯ್ಯ. ಬೂಟು ಬಿಚ್ಚಿ, ಟೋಪಿ ತೆಗೆದು ಕಂಕುಳಲ್ಲಿಟ್ಟು, ಅಮ್ಮನ ಚಾಪೆಯ ಎದುರು ಕೈಮುಗಿದು ಕೂತುಬಿಟ್ಟರು.

"ತಂಬಿ, ಇಲ್ಲಿ ವಾ," ಎಂದು ಬಾಬುವನ್ನು ಕರೆದರು. ತಮಿಳಿನಲ್ಲಿ ಅದ್ದಿದ ಕನ್ನಡ ಅವರದು. "ನಮ್ಮ ಪೈಯ್ಯ ಲಾಹೋರ್ ಪಕ್ಕ ಇದಾನೆ, ಗೊತ್ತಲ್ಲ? ಲೆಟರ್ ಇಲ್ಲ. ಬರ್ತಾನಾ ಇಲ್ಲವಾ, ಅಮ್ಮನ್ನ ಕೇಳಪ್ಪ. ನೀನು ಕೇಳಿದ್ರೆ ಸೊಲ್ಲುವಾಂಗ."

ಎಲ್ಲರೂ ಬಾಬುವನ್ನೇ ನೋಡಿದರು. ಬರ್ತಾನಂತೆ ಎಂದರೆ ಮುಗಿಯಿತು. ಏಟಯ್ಯ ಕಣ್ಣೊರೆಸಿಕೊಂಡು ತೆಂಗಿನಕಾಯಿ ಒಡೆಯುತ್ತಾರೆ, ಹೋಟೆಲು ಉಳಿಯುತ್ತದೆ. ಅಮ್ಮ ಈ ಹೊಗೆಯಲ್ಲಿ, ಪೂಜೆ ಮಾಡಿಸಿಕೊಳ್ಳುತ್ತಾ, ಸಂಜೆಯೊಳಗೆ ಸಾಯುತ್ತಾಳೆ. ಅಮ್ಮನ ತುಟಿ ಮತ್ತೆ ಅಲುಗಿತು. ವೀಹ್.

"ಇದು ದೈವ ಅಲ್ಲ ಏಟಯ್ಯ," ಎಂದ ಬಾಬು. "ನಿಮ್ಮ ಮಗನ ವಿಷಯ ಅವಳಿಗೆ ಗೊತ್ತಿಲ್ಲ. ನೀರು ಕೇಳ್ತಾ ಇದ್ದಾಳೆ. ಅದು ಅವಳ ಊರ ಮಾತು. ಸುಮಾತ್ರಾದ್ದು, ಇಂಡೋನೇಷ್ಯಾದ್ದು. ಅವಳು ಮೂಗಿ ಅಲ್ಲ. ನಮ್ಮ ಮನೆಯವರೇ ಸೇರಿ ಅವಳನ್ನ ಮೂಗಿ ಮಾಡಿದ್ದು. ಹಿಡಿಯೋದಿದ್ದರೆ ಹಿಡೀರಿ. ಮೊದಲು ಆಸ್ಪತ್ರೆಗೆ ಒಯ್ಯಲಿಕ್ಕೆ ಬಿಡಿ."

ಧೂಪ ಹಾಕುತ್ತಿದ್ದ ಕೈ ನಿಂತಿತು. ಅಡ್ಡ ಕೂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಸೆರಗು ಎಳೆದುಕೊಂಡು ಸರಿದರು. ಜಲಜಕ್ಕ ಬೆರಳಿನ ಕುಂಕುಮವನ್ನು ಗೋಡೆಗೆ ಒರೆಸಿ, "ನನ್ನ ಮನೆಗುಟ್ಟನ್ನೆಲ್ಲ ಇವಳ ಹತ್ತಿರ ಹೇಳಿದ್ದೆನಲ್ಲ," ಎಂದಳು, ಯಾರಿಗೂ ಅಲ್ಲ. ದೊಡ್ಡಪ್ಪ ಕೊಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ.

ಏಟಯ್ಯ ಟೋಪಿಯನ್ನು ಒಮ್ಮೆ ತಿರುವಿ ನೋಡಿದರು. ಮುಖದಲ್ಲಿ ಆಗಷ್ಟೇ ಹತ್ತಿದ್ದ ಬೆಳಕು ಆರಿತ್ತು. "ಮೊದಲು ಆಸ್ಪತ್ರಿ," ಎಂದು ಟೋಪಿ ಹಾಕಿಕೊಂಡರು. "ಅಪ್ಪುರಂ ಸ್ಟೇಷನ್."

ಕೈ ಕೊಡಲು ಯಾರೂ ಬರಲಿಲ್ಲ. ಬಾಬು ಒಬ್ಬನೇ ಅವಳನ್ನು ಎತ್ತಿ ಜಟಕಾಕ್ಕೆ ಹಾಕಿದ. ದಾರಿಯುದ್ದಕ್ಕೂ ಅವಳು ಮಾತಾಡಿದಳು. ಅರ್ಥವಾಗದಿದ್ದರೂ ಅವನು ಹೂಂ ಎಂದ. ಇಷ್ಟು ವರ್ಷದ ಬಾಕಿಯೆಲ್ಲ ತೀರಲಿ ಎಂಬಂತೆ ಹೂಂಗುಟ್ಟಿದ.

ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಸೂಜಿ ಚುಚ್ಚಿದಾಗ ಅಮ್ಮನಿಗೆ ಎಚ್ಚರ ತಿಳಿಯಿತು. ಮಗನನ್ನು ನೋಡಿದಳು. ಅವನ ಹಿಂದೆ ನಿಂತ ಖಾಕಿಯನ್ನು ನೋಡಿದಳು.

"ಎಲ್ಲಿ ನೋವು? ಏನು ತಿಂದಿದ್ದಾರೆ? ಬೇಗ ಹೇಳಿಸು," ಎಂದು ಡಾಕ್ಟರು ತಮಿಳಿನಲ್ಲಿ ಬಾಬುವಿಗೆ ಹೇಳಿದರು.

"ಹೇಳಮ್ಮ," ಎಂದ ಬಾಬು. "ಕನ್ನಡದಲ್ಲೇ ಹೇಳು, ನಿಂಗೆ ಬರ್ತದೆ. ಎಲ್ಲ ಹೇಳಿಯಾಯ್ತು ನಾನು. ಇನ್ನು ಯಾರ ಹೆದರಿಕೆಯೂ ಇಲ್ಲ."

ಅಮ್ಮ ತಲೆ ಅಲ್ಲಾಡಿಸಿದಳು. ಕೈಯನ್ನು ಮೆಲ್ಲನೆ ಎತ್ತಿ, ಅಂಗೈಯಿಂದ ತನ್ನ ಬಾಯನ್ನು ಮುಚ್ಚಿಕೊಂಡಳು. ಬಾಬು ಆ ಕೈಯನ್ನು ಬಿಡಿಸಲು ನೋಡಿದ. ಹಿಟ್ಟು ರುಬ್ಬಿ ಗಟ್ಟಿಯಾದ ಕೈ. ಬಿಡಿಸಲಾಗಲಿಲ್ಲ.