ಇಮಾಂಬೀ ಸುತ್ತಿದ ಕಾಯಿಲ್

ಬಳ್ಳಾರಿಗೆ ಆರ್ಕೆಸ್ಟ್ರಾ ಹುಚ್ಚು ಹತ್ತಿದ ಎಪ್ಪತ್ತೆಂಟನೇ ಇಸವಿ. ಕಂಟೋನ್ಮೆಂಟಿನ ಉಸ್ಮಾನಸಾಬ್ ಒಂದು ಆರ್ಕೆಸ್ಟ್ರಾದ ರಂಗಣ್ಣ, ಗಾದಿಲಿಂಗಪ್ಪ ಇಬ್ಬರಿಗೂ ಒಂದೊಂದು ಎಲೆಕ್ಟ್ರಿಕ್ ಗಿಟಾರ್ ಮಾಡಿಕೊಟ್ಟಿದ್ದ. ಒಂದೇ ತೇಗದ ಹಲಗೆ, ಒಂದೇ ಅಳತೆ, ಕಾಯಿಲ್‌ಗೆ ಸುತ್ತಿದ್ದೂ ಒಂದೇ ಉಂಡೆಯ ತಾಮ್ರದ ತಂತಿ. ಆದರೂ ಒಂದು ಗಂಟಲು ಬಿಚ್ಚಿ ಹಾಡುತ್ತಿತ್ತು, ಇನ್ನೊಂದು ನೆಗಡಿ ಬಂದವರಂಗೆ ಗೊಣಗುತ್ತಿತ್ತು.

"ಸಾಬ್ರೇ, ರಂಗಣ್ಣಗ ಚಲೋದು ಕೊಟ್ಟು ನನ್ನ ಕೊರಳಿಗಿ ಇದನ್ನ ಕಟ್ಟೀರಿ! ಶುಕ್ರವಾರ ಕುರುಗೋಡಾಗ ಮದುವಿ ಪ್ರೋಗ್ರಾಮ್ ಐತಿ," ಎಂದು ರೇಗಿದ ಗಾದಿಲಿಂಗಪ್ಪ ಎರಡನ್ನೂ ಬೆಂಚಿನ ಮೇಲಿಟ್ಟು ಹೋದ.

ಸುಟ್ಟ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತಿ ಹೆಸರು ಮಾಡಿದ ಆಸಾಮಿಗೆ ಈ ಮಾತು ಚುರ್ ಅಂತು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಚಹಾ ಆರಿತು. ತಂತಿ ಬದಲಿಸಿದ, ಬೆಸುಗೆ ಕಿತ್ತು ಮತ್ತೆ ಹಾಕಿದ, ಹಲಗೆಗೆ ಬೈದ. ಕೊನೆಗೆ ತಂತಿಗಳ ಕೆಳಗೆ ಕೂತು ದನಿ ಹಿಡಿಯುವ ಅಯಸ್ಕಾಂತದ ಕಾಯಿಲ್‌ಗಳನ್ನು ಅದಲುಬದಲು ಮಾಡಿ ಮೀಟಿದ. ಗೊಣಗಾಟ ರಂಗಣ್ಣನ ಗಿಟಾರಿಗೆ ಹೋಗಿತ್ತು!

ಅಯ್ಯೋ ಶಿವನೇ, ಗೊಣಗುವ ಕಾಯಿಲ್ ಅವನೇ ಮಷಿನ್ನಿನಲ್ಲಿ ಸುತ್ತಿದ್ದು. ಮೋಟಾರಿಗೆ ಸುತ್ತುವಂತೆ ಎಳೆಗೆ ಎಳೆ ಒತ್ತಿ, ಬಿಗಿಯಾಗಿ. ಹಾಡುವುದು ಹೆಂಡತಿ ಇಮಾಂಬೀ ಕೈಲಿ ಸುತ್ತಿದ್ದು. ಸಡಿಲ, ಅಡ್ಡಾದಿಡ್ಡಿ, ಎಳೆಗಳ ನಡುವೆ ಗಾಳಿಯಾಡುವಷ್ಟು ಜಾಗ. ಆಕೆ ಸುತ್ತಿ ಮುಗಿಸಿದ ದಿನ ಅದನ್ನೇ ಅಂಗಡಿ ತುಂಬ ಮಂದಿಯ ಮುಂದೆ ಎತ್ತಿ ಹಿಡಿದು, "ನೋಡ್ರಿ ಹೆಂಗಸರ ಕೆಲಸ! ಮೋಟಾರಿಗಿ ಹಿಂಗ ಸುತ್ತಿದ್ರ ಸುಟ್ಟು ಬೂದಿ," ಎಂದು ನಕ್ಕಿದ್ದ. ತಂತಿ ದಂಡವಾದೀತೆಂದು ರಂಗಣ್ಣನ ಗಿಟಾರಿಗೆ ಹಾಕಿದ್ದ, ಅಷ್ಟೇ. ಇಮಾಂಬೀ ಮರುದಿನವೇ ಸಿರುಗುಪ್ಪದ ತವರಿಗೆ ಹೋದಳು. ತಾನಾಗೇ ಬರ್ತಾಳೆ ಬಿಡು ಎಂದು ಬೀಗಿದ್ದ. ಬಂದಿರಲಿಲ್ಲ.

ತಾನೇ ಸಡಿಲವಾಗಿ ಸುತ್ತಲು ನೋಡಿದ; ಮೋಟಾರಿಗೆ ಪಳಗಿದ ಕೈ ಬಿಗಿದೇ ಬಿಗಿಯಿತು. ತಾಮ್ರದ ಉಂಡೆ ಚೀಲಕ್ಕೆ ಹಾಕಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದ. ಇಮಾಂಬೀ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು.

"ನೀ ಸುತ್ತಿದ್ದು ಹಾಡ್ತೈತಿ. ಇನ್ನೊಂದು ಸುತ್ತಿಕೊಡು."

"ಗಿಟಾರ್ ಸಲುವಾಗಿ ಬಂದೀರಿ," ಅಂದಳು, ಮೊರದಿಂದ ತಲೆ ಎತ್ತದೆ. "ನಕ್ಕಿದ್ದು ನಾಕು ಮಂದಿ ಮುಂದ. ಇಲ್ಲಿ ಒಬ್ರ ಬಂದು ಪಿಸುಗುಟ್ಟಿದ್ರ ಹೆಂಗ?"

ಬಂದ ದಾರಿಗೆ ಸುಂಕವಿಲ್ಲದೆ ಮರಳಿದ. ಮನೆಯ ಒಲೆ ತಣ್ಣಗೆ ಬಿದ್ದಿತ್ತು. ಆಕೆಯಿಲ್ಲದ ಮನೆ ಅವನಿಗೆ ಸಾಕಾಗಿತ್ತು.

ಗುರುವಾರ ಬೆಳಿಗ್ಗೆ ಗಾದಿಲಿಂಗಪ್ಪ, ರಂಗಣ್ಣ, ಅವತ್ತು ನಕ್ಕಿದ್ದ ಗಿರಾಕಿಗಳು, ಎಲ್ಲರನ್ನೂ ಆರ್ಕೆಸ್ಟ್ರಾ ವ್ಯಾನಿಗೆ ತುಂಬಿಕೊಂಡು ಸಿರುಗುಪ್ಪಕ್ಕೆ ಹೊಡೆಸಿದ. ಓಣಿಯ ಮಂದಿಯೂ ಕೂಡಿತು. ಕಿವಿ ಕೆಂಪಾಗಿತ್ತು, ಆದರೂ ಗಟ್ಟಿಯಾಗೇ ಹೇಳಿದ: "ಚಲೋ ಗಿಟಾರಿನ ಕಾಯಿಲ್ ಈಕಿದು. ಗೊಣಗೋದು ನಂದು. ಅವತ್ತು ನಕ್ಕಿದ್ದು ನನ್ನ ತಪ್ಪು."

ಇಮಾಂಬೀ ಸೆರಗು ಬಾಯಿಗೆ ಹಿಡಿದಳು. "ತಂತಿ ಕೊಡ್ರಿ, ಸುತ್ತತೀನಿ."

ಉಸ್ಮಾನಸಾಬ್ ಚೀಲ ತಡಕಿದ, ಜೇಬು ತಡಕಿದ. ಮಂದಿ ಕೂಡಿಸುವ ಧಾವಂತದಲ್ಲಿ ಉಂಡೆ ಅಂಗಡಿಯಲ್ಲೇ ಉಳಿದಿತ್ತು.

"ಮರತು ಬಂದೀನಿ," ಅಂದ, ಮೋರೆ ಸಣ್ಣದು ಮಾಡಿ.

"ಅಂದ್ರ ಈ ಸಲ ಗಿಟಾರ್ ಸಲುವಾಗಿ ಬಂದಿಲ್ಲ," ಅಂದಳು ಇಮಾಂಬೀ. ಆಮೇಲೆ ಒಳಗೆ ಹೋಗಿ ತನ್ನ ಟ್ರಂಕು ಎತ್ತಿಕೊಂಡು ಬಂದಳು. "ನಡೀರಿ ಮತ್ತ, ಮನಿಗಿ ಹೋಗೂಣು."