ಕೂಗಿಗೆ ಮುಂಚಿನ ಒಂದು ಗಂಟೆ

"ಒಪ್ತೀವಿ ಸ್ವಾಮಿ, ಇವರು ದಿನಾ ಬೆಳಗ್ಗೆ ಐದಕ್ಕೇ ಬರ್ತಿದ್ರು," ಎಂದ ಕಂಪನಿಯ ವಕೀಲ, ತಣ್ಣಗೆ.

ಹಿಂದಿನ ಬೆಂಚಿನಲ್ಲಿದ್ದ ಗಿರಣಿ ಕೆಲಸಗಾರ ಬಾಯ್ಲರ್ ಮಾಮನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಕೆಳಗಿನ ಕೋರ್ಟಿನಲ್ಲಿ ಮೂರು ವರ್ಷ ಇದೇ ಬಾಯಿ "ಐದಕ್ಕೆ ಬಂದದ್ದೇ ಸುಳ್ಳು" ಎಂದಿತ್ತು. ಅವನ ಪರದ ವಕೀಲಮ್ಮ ಗೇಟಿನ ಹಾಜರಿ ಪುಸ್ತಕ ತರಿಸಿ ಹನ್ನೊಂದು ವರ್ಷದ ಸಹಿ ತೋರಿಸಿದ ಮೇಲೆ, ದಿನಕ್ಕೊಂದು ಗಂಟೆಯ ಸಂಬಳ ಅವನಿಗೆ ಸಲ್ಲಬೇಕೆಂದು ತೀರ್ಪಾಗಿತ್ತು. ಈಗ ಮೇಲ್ಮನವಿಯಲ್ಲಿ ಹೊಸ ರಾಗ. ಬಿದ್ದರೂ ಮೀಸೆ ಮಣ್ಣಾಗದ ಜನ.

"ಆದ್ರೆ ಕರಾರಿನ ಒಂಬತ್ತನೇ ಕಲಮು ನೋಡಿ," ಎಂದು ಕಂಪನಿಯ ವಕೀಲ ಮುಂದುವರಿಸಿದ. "ಸಂಬಳ ಶುರುವಾಗೋದು ಆರಕ್ಕೆ ಗಿರಣಿಯ ಸೀಟಿ ಕೂಗಿದ ಮೇಲೆ. ಮುಂಚೆ ಬಂದಿದ್ದು ಅವರಿಷ್ಟ."

ವಕೀಲಮ್ಮ ಎದ್ದರು. "ಈ ಮಾತು ಕೆಳಗಡೆ ಎತ್ತೇ ಇರಲಿಲ್ಲ."

"ಕರಾರಿನ ಅರ್ಥ ಕಾನೂನಿನ ಪ್ರಶ್ನೆ. ಇಲ್ಲೂ ಎತ್ತಬಹುದು," ಎಂದರು ನ್ಯಾಯಾಧೀಶರು.

ಮಾಮ ತಡೆಯಲಾರದೆ ನಿಂತುಬಿಟ್ಟ. "ಸ್ವಾಮಿ, ಗಿರಣಿ ಕೂಗೋದೇ ನನ್ನ ಬಾಯ್ಲರಿನ ಹಬೆಯಿಂದ. ಐದಕ್ಕೆ ಬೆಂಕಿ ಹಾಕಿದ್ರೆ ಆರಕ್ಕೆ ಹಬೆ ಏರುತ್ತೆ. ನಾನೇನು ಷೋಕಿಗೆ ಬರ್ತಿದ್ನಾ?"

"ಇದನ್ನ ಸಾಕ್ಷಿ ಹೇಳುವಾಗ ಹೇಳಿದ್ರಾ?" ಎಂದರು ನ್ಯಾಯಾಧೀಶರು.

"ಯಾರೂ ಕೇಳ್ಲಿಲ್ಲ. ಗಿರಣೀಲಿ ಮಕ್ಕಳಿಗೂ ಗೊತ್ತಿರೋ ವಿಷಯ ಅಂತ ನಾನೂ ಸುಮ್ಮನಿದ್ದೆ."

"ಅವರದ್ದು ಕಾನೂನು, ನಿಮ್ಮದು ಹೊಸ ಸಂಗತಿ. ಹೊಸ ಸಂಗತಿಗೆ ಇಲ್ಲಿ ಜಾಗವಿಲ್ಲ."

ಸಂಜೆಯೊಳಗೆ ಹಳೆಯ ತೀರ್ಪು ರದ್ದಾಯಿತು. ಹನ್ನೊಂದು ವರ್ಷದ ಬೆಳಗುಗಳು ಅವನ ಖುಷಿಯ ಲೆಕ್ಕಕ್ಕೆ ಹೋದವು.

"ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅಂತಾರಲ್ಲ, ಇದಕ್ಕೇ ಏನಮ್ಮಾ?" ಎಂದು ಮೆಟ್ಟಿಲಿಳಿಯುತ್ತ ಕೇಳಿದ. ವಕೀಲಮ್ಮ ತಲೆ ತಗ್ಗಿಸಿಕೊಂಡು ಕಡತಕ್ಕೆ ದಾರ ಸುತ್ತುತ್ತಿದ್ದರು.

ಮರುದಿನ ನಾಲ್ಕೂವರೆಗೆ ಹೆಂಡತಿ ಅಲುಗಾಡಿಸಿದಳು. "ಏಳ್ರೀ, ಹೊತ್ತಾಯ್ತು."

"ಇನ್ನೂ ಆಗಿಲ್ಲ ಕಣೆ. ಕೋರ್ಟೇ ಹೇಳಿದೆ," ಎಂದು ಅವನು ಮಗ್ಗಲು ಬದಲಿಸಿದ.

ಆರಕ್ಕೆ ಸರಿಯಾಗಿ ಗಿರಣಿ ತಲುಪಿದಾಗ ಬೆಳಗಿನ ಪಾಳಿಯ ಜನವೆಲ್ಲ ಗೇಟಿನ ಹೊರಗೇ ನಿಂತಿದ್ದರು. ಸೀಟಿ ಕೂಗದೆ ಪಾಳಿಯವರಿಗೆ ಗೇಟು ತೆರೆಯುವ ಪದ್ಧತಿ ಅಲ್ಲಿರಲಿಲ್ಲ. ಮ್ಯಾನೇಜರ್ ಏದುಸಿರು ಬಿಡುತ್ತ ಬಂದ.

"ಏನ್ರೀ ಇದು, ಬೆಂಕೀನೇ ಹಾಕಿಲ್ವಲ್ರೀ?"

"ಕೂಗಲಿ ಸಾರ್, ಹಾಕ್ತೀನಿ," ಎಂದು ಮಾಮ ರಸ್ತೆಯಂಚಿನ ಕಲ್ಲಿನ ಮೇಲೆ ಕೂತ.

ಯಾರೋ ಕಿಸಕ್ಕೆಂದು ನಕ್ಕರು. ಆಮೇಲೆ ಒಬ್ಬೊಬ್ಬರೇ ತಲೆಯೆತ್ತಿ ನೋಡತೊಡಗಿದರು. ಚಿಮಣಿಯ ಬಾಯಲ್ಲಿ ಹೊಗೆಯಿರಲಿಲ್ಲ. ಅದರ ಅಂಚಿನ ಮೇಲೆ ಒಂದು ಕಾಗೆ ಬಂದು ಕೂತಿತ್ತು.