ಹನ್ನೆರಡನೆಯ ಕುರ್ಚಿ

"ಉಜ್ಜೇ, ಇನ್ನೂ ಉಜ್ಜು. ಕಾಲು ತೊಳೆಯೋ ಪಾತ್ರೆ ತಾನೆ ಅಂತ ಸದರ ಮಾಡ್ಬೇಡ. ನಿಮ್ಮನೆ ಮುಸುರೆ ಪಾತ್ರೆ ಅಲ್ಲ ಅದು!"

ಸೆಕ್ರೆಟರಿ ಸತ್ಯಾನಂದ ನನ್ನ ತಲೆಯ ಮೇಲೇ ನಿಂತಿದ್ದರು. ನಾನು ಚರ್ಚಿನ ಹಿಂದಿರುವ ಒಗೆಯುವ ಕಲ್ಲಿನ ಮೇಲೆ ಹಿತ್ತಾಳೆ ಬೋಗುಣಿ ಇಟ್ಟುಕೊಂಡು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜುತ್ತಿದ್ದೆ. ವರ್ಷಕ್ಕೊಮ್ಮೆ ಹೊರಗೆ ಬರುವ ಬೋಗುಣಿ. ಈಸ್ಟರಿಗೆ ಮುಂಚಿನ ಗುರುವಾರ ಅಯ್ಯನವರು, ಅಂದರೆ ನಮ್ಮ ಪಾದ್ರಿ, ಇದರಲ್ಲಿ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಯೇಸು ತನ್ನ ಹನ್ನೆರಡು ಶಿಷ್ಯರ ಕಾಲು ತೊಳೆದ ನೆನಪಿಗೆ. ಹನ್ನೆರಡು ಕುರ್ಚಿಯೂ ಕಮಿಟಿಯವರಿಗೇ. ಅವರು ಹಿಂದಿನ ದಿನ ಪಾರ್ಲರಿಗೆ ಹೋಗಿ ಹಿಮ್ಮಡಿ ತಿಕ್ಕಿಸಿಕೊಂಡು, ಉಗುರು ತೆಗೆಸಿಕೊಂಡು, ಹೊಸ ಸಾಕ್ಸು ಹಾಕಿಕೊಂಡು ಬರುತ್ತಾರೆ. ಚಾಮರಾಜಪೇಟೆಯ ಈ ಚರ್ಚಿನಲ್ಲಿ ಹತ್ತೊಂಬತ್ತು ವರ್ಷದಿಂದ ಆ ನೀರು ಚೆಲ್ಲುತ್ತಿರುವವಳು ನಾನು. ಆ ನೀರಲ್ಲಿ ಅನ್ನ ಬೇಯಿಸಬಹುದು, ಅಷ್ಟು ಚೊಕ್ಕಟ.

"ಏನ್ ಗುರಾಯಿಸ್ತೀಯ ಪಾರ್ವತಿ? ಮಂಗಳವಾರ ನೀನಾಡಿದ್ದು ನಾನಿನ್ನೂ ಮರ್ತಿಲ್ಲ."

ಮಂಗಳವಾರ ನಾನಾಡಿದ್ದು ದೊಡ್ಡ ಮಾತೇನಲ್ಲ. ಪ್ರತಿ ಮಂಗಳವಾರ ಸಂಜೆ ಚರ್ಚಿನ ಹಾಲಿನಲ್ಲಿ ಸತ್ಯವೇದದ ಅಧ್ಯಯನ ನಡೆಯುತ್ತದೆ. ಅವರೆಲ್ಲ ಕುರ್ಚಿಯ ಮೇಲೆ. ನಾನು ಬಾಗಿಲ ಬಳಿ ಚಾಪೆಯ ಮೇಲೆ, ಪಕ್ಕದಲ್ಲಿ ಟೀ ಫ್ಲಾಸ್ಕು. ನಾನು ಹುಟ್ಟಿನಿಂದ ಅವರ ಮತದವಳಲ್ಲ. ಐವತ್ತನೇ ವಯಸ್ಸಿಗೆ ಕಾರ್ಪೊರೇಷನ್ ಸ್ಕೂಲಿನ ರಾತ್ರಿ ತರಗತಿಯಲ್ಲಿ ಅಕ್ಷರ ಕಲಿತೆ. ಕಲಿತ ಮೇಲೆ ಓದಲು ಮನೆಯಲ್ಲಿ ಏನಿತ್ತು? ಚರ್ಚಿನವರು ಸುಡು ಎಂದು ಕೊಟ್ಟ ಹರಿದ ಪುಸ್ತಕಗಳ ರಾಶಿಯಲ್ಲಿ ಒಂದು ಸತ್ಯವೇದ ಸಿಕ್ಕಿತು. ಸುಡಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ಕಳೆದುಹೋದ ಕಾಸಿಗಾಗಿ ಮನೆಯೆಲ್ಲ ಗುಡಿಸುವ ಹೆಂಗಸೊಬ್ಬಳು ಅದರಲ್ಲಿ ಬರುತ್ತಾಳೆ. ಪೊರಕೆ ಹಿಡಿದವಳನ್ನು ದೇವರಿಗೆ ಹೋಲಿಸಿ ಬರೆದ ಪುಸ್ತಕ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ಕೇಳಿರಲೂ ಇಲ್ಲ. ಮುಂದಕ್ಕೆ ಓದಿದೆ. ಓದುತ್ತಾ ಓದುತ್ತಾ ಅವರ ಪಂಕ್ತಿಯಲ್ಲಿ ನಾನೂ ಕೂರಬೇಕು ಅನ್ನಿಸಿತು.

ದೀಕ್ಷಾಸ್ನಾನ ಕೊಡಿ, ನನ್ನನ್ನೂ ಸಭೆಗೆ ಸೇರಿಸಿಕೊಳ್ಳಿ ಎಂದು ಕೇಳಿದೆ. ಅದಾಗದೆ, ಯೇಸುವಿನ ಕೊನೆಯ ಊಟದ ನೆನಪಿಗೆ ಚರ್ಚಿನಲ್ಲಿ ಹಂಚುವ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಮುಟ್ಟುವ ಹಾಗಿಲ್ಲ. ಅಯ್ಯನವರು ತುಂಬ ಪ್ರೀತಿಯಿಂದಲೇ ಹೇಳಿದರು: "ನೋಡು ಪಾರ್ವತಮ್ಮ, ವಿಶ್ವಾಸ ಅಂದ್ರೆ ಏನು, ಅದರ ಅರ್ಥ ಮೊದ್ಲು ತಿಳ್ಕೋಬೇಕು. ಓದು. ನಾನೇ ಕೇಳ್ತೀನಿ." ವರ್ಷಕ್ಕೊಂದು ಸಲ ಕೇಳಿದರು. ಪ್ರತಿಸಲವೂ "ಇನ್ನೂ ಸ್ವಲ್ಪ ಆಳವಾಗಿ" ಎಂದರು. ನಾಲ್ಕು ವರ್ಷದ ಹಿಂದೆ ನನ್ನ ಕೈಬರಹದಲ್ಲೇ ಅರ್ಜಿ ಬರೆಸಿಕೊಂಡು, ಬಿಷಪ್ಪರಿಗೆ ಕಳಿಸಿದ್ದೀನಿ, ಅಲ್ಲಿಂದ ಅಪ್ಪಣೆ ಬರಬೇಕು ಎಂದರು. ಕಾದೆ. ಕಾಯುವುದು ನನಗೇನು ಹೊಸದೆ?

ಮೊನ್ನೆ ಮಂಗಳವಾರ ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯ ನಡೆಯುತ್ತಿತ್ತು, ಕಾಲು ತೊಳೆಯುವ ಭಾಗ. ನಾನು ಕೈ ಎತ್ತಿದೆ.

"ಟೀ ಆಮೇಲೆ ಕೊಡು ಪಾರ್ವತಿ," ಎಂದರು ಮಹಿಳಾ ಸಂಘದ ಸುಲೋಚನಾ ಮೇಡಂ.

"ಟೀ ಅಲ್ಲಮ್ಮ. ಒಂದು ಮಾತು ಕೇಳ್ಬೇಕಿತ್ತು. ಶಿಷ್ಯ ಪೇತ್ರ, ನನ್ನ ಕಾಲು ತೊಳೀಬೇಡ ಅಂತಾನೆ. ಅದಕ್ಕೆ ಯೇಸುಸ್ವಾಮಿ, ನಾನು ಮಾಡ್ತಿರೋದು ನಿಂಗೀಗ ತಿಳಿಯಲ್ಲ, ಮುಂದೆ ತಿಳಿಯುತ್ತೆ ಅಂತಾರೆ. ಹಂಗಾದ್ರೆ ಪೇತ್ರನಿಗೆ ಅರ್ಥ ಆಗದೇನೇ ತೊಳೆದ್ರು. ತನ್ನನ್ನೇ ಹಿಡಿದುಕೊಟ್ಟ ಯೂದನ ಕಾಲನ್ನೂ ತೊಳೆದ್ರು. ಅವರ್ಯಾರಿಗೂ ಇಲ್ಲದ ಪರೀಕ್ಷೆ ನಂಗ್ಯಾಕೆ ಅಯ್ಯನವ್ರೇ?"

ಸುಲೋಚನಾ ಮೇಡಂ ಬಾಯಿಗೆ ಸೆರಗು ಒತ್ತಿಕೊಂಡರು. ಯಾರೋ ಕಿಸಕ್ಕೆಂದರು. ಸತ್ಯಾನಂದ ಕುರ್ಚಿ ತಿರುಗಿಸಿದರು.

"ಅಬ್ಬಬ್ಬಾ! ಕಕ್ಕಸು ತೊಳೆಯೋಳು ನಮ್ಗೆ ಯೋಹಾನನ್ನ ಕಲಿಸ್ತಾಳೆ. ರಾತ್ರಿ ಸ್ಕೂಲಲ್ಲಿ ಇದನ್ನೇ ಹೇಳ್ಕೊಟ್ರಾ? ಎರಡಕ್ಷರ ಬಂದ್ಬಿಟ್ರೆ ಸಾಕು, ನಿಮ್ ಜನ ನೆತ್ತಿ ಮೇಲೇ ಕೂರ್ತೀರ."

ಅಯ್ಯನವರು ನಗುತ್ತಾ ಕೈ ಎತ್ತಿ ತಡೆದರು. "ಒಳ್ಳೇ ಪ್ರಶ್ನೆ, ಒಳ್ಳೇ ಪ್ರಶ್ನೆ" ಎಂದರು. ಏನೋ ಹೊಳೆದವರಂತೆ ಸತ್ಯಾನಂದರ ಕಿವಿಯಲ್ಲಿ ಪಿಸುಗುಟ್ಟಿದರು. ಹನ್ನೆರಡನೆಯ ಕುರ್ಚಿಯವರು ಮಗಳ ಬಾಣಂತನಕ್ಕೆ ಪುಣೆಗೆ ಹೋಗಿದ್ದರು. ಆ ಕುರ್ಚಿ ಈ ಸಲ ಪಾರ್ವತಮ್ಮನಿಗೆ ಎಂದು ಅಯ್ಯನವರು ಎಲ್ಲರಿಗೂ ಸಾರಿದರು. ಫೋಟೋಗ್ರಾಫರ್ ಬರುತ್ತಾನೆ ಎಂದೂ ಸೇರಿಸಿದರು.

ಅದಕ್ಕೇ ಸತ್ಯಾನಂದರಿಗೆ ನನ್ನ ಮೇಲೆ ಉರಿ. ಬೋಗುಣಿ ಬೆಳಗುವವಳೂ ನಾನೇ, ಅದರಲ್ಲಿ ಕಾಲಿಡುವವಳೂ ನಾನೇ.

ಗುರುವಾರ ಸಂಜೆ ಆರಕ್ಕೆ ಆರಾಧನೆ. ಐದೂವರೆಗೆ ಸುಲೋಚನಾ ಮೇಡಂ ನನ್ನನ್ನು ಹಿಂದಿನ ನಲ್ಲಿಗೆ ಕರೆದುಕೊಂಡು ಹೋಗಿ ಡೆಟಾಲ್ ಬಾಟಲಿ ಕೈಗಿಟ್ಟರು.

"ಚೆನ್ನಾಗಿ ತೊಳ್ಕೋ. ಬೆರಳ ಸಂದೀಲೂ."

"ಒಳಗೆ ಅಯ್ಯನವ್ರು ತೊಳೀತಾರಲ್ಲಮ್ಮ?"

"ಅವ್ರು ತೊಳೀತಾರೆ ಅಂತಾನೇ ತೊಳ್ಕೊಂಡು ಬಾ ಅಂತಿರೋದು! ಅಷ್ಟೂ ಗೊತ್ತಾಗಲ್ವಾ?"

ತೊಳೆದುಕೊಂಡೆ. ಮೇಡಂ ಬಗ್ಗಿ ನೋಡಿ, "ಇನ್ನೊಂದ್ಸಲ" ಎಂದರು. ಮತ್ತೆ ತೊಳೆದೆ. ಆಸಿಡ್ಡು, ಫಿನಾಯಿಲಿನಲ್ಲಿ ನೆಂದೂ ನೆಂದೂ ನನ್ನ ಹಿಮ್ಮಡಿ ಸೀಳಿಹೋಗಿದೆ. ಡೆಟಾಲ್ ಬಿದ್ದ ಕಡೆಯೆಲ್ಲ ಉರಿ ಎದ್ದಿತು. ವಾಚ್‌ಮನ್ ಮುನಿರಾಮಪ್ಪ ಗೇಟಿನಿಂದಲೇ ಕೂಗಿದ. "ಏನಕ್ಕೋ, ಮದ್ವೆ ಹೆಣ್ಣಿಗೆ ಮಾಡ್ದಂಗೆ ಮಾಡ್ತಾವ್ರೆ! ಅರಿಶಿನ ತರ್ಲಾ?"

"ಮುಚ್ಚಲೇ ಬಾಯಿ," ಎಂದೆ. ನಗು ಬಂತು.

ಕುರ್ಚಿಯಲ್ಲಿ ಕೂತೆ. ಅಯ್ಯನವರು ಸೊಂಟಕ್ಕೆ ಬಿಳಿ ಟವಲು ಸುತ್ತಿಕೊಂಡು ಒಬ್ಬೊಬ್ಬರ ಮುಂದೆಯೂ ಮೊಣಕಾಲೂರಿದರು. ಹನ್ನೊಂದು ಜೋಡಿ ಕಾಲನ್ನು ಅಂಗೈಯಲ್ಲಿ ಹಿಡಿದು ತೊಳೆದು ಒರೆಸಿದರು. ಸತ್ಯಾನಂದರ ಪಾದಕ್ಕೆ ಮುತ್ತನ್ನೂ ಕೊಟ್ಟರು. ನನ್ನ ಮುಂದೆ ಬಂದಾಗ ಸೊಂಟದ ಟವಲು ಬಿಚ್ಚಿ ಪಕ್ಕಕ್ಕಿಟ್ಟರು. ಸುಲೋಚನಾ ಮೇಡಂ ಬೇರೆಯದೊಂದು ಬಟ್ಟೆ ಚಾಚಿದರು. ಹಳದಿ ಚೌಕುಳಿಯದು. ಬೆಂಚು ಒರೆಸಲು ನಾನೇ ಹಳೇ ಪರದೆಯಿಂದ ಹರಿದಿಟ್ಟದ್ದು.

ಅಯ್ಯನವರು ಚೊಂಬು ಎತ್ತಿ ಹಿಡಿದು, ಗಿಡಕ್ಕೆ ಹೊಯ್ದ ಹಾಗೆ ನನ್ನ ಕಾಲ ಮೇಲೆ ನೀರು ಬಿಟ್ಟರು. ಕೈ ತಗಲಲಿಲ್ಲ.

"ಸರ್, ಹಂಗಲ್ಲ ಸರ್," ಎಂದ ಫೋಟೋಗ್ರಾಫರ್. "ಮುಟ್ಟಿ ಸರ್. ಮುಟ್ಟಿಲ್ಲ ಅಂದ್ರೆ ಫೋಟೋ ನಿಲ್ಲಲ್ಲ."

ಆಗ ಮುಟ್ಟಿದರು. ಎರಡು ಬೆರಳು. ಬೆಳಕು ಫಳ್ಳೆಂದಿತು. "ಸಾಕಾ?" ಎಂದು ಅವನನ್ನೇ ಕೇಳಿದರು, ನನ್ನನ್ನಲ್ಲ. ಆಮೇಲೆ ಕಂಬದ ಹಿಂದೆ ಹೋಗಿ ಸ್ಯಾನಿಟೈಸರ್ ಹಾಕಿಕೊಂಡರು. ಕೈ ಉಜ್ಜಿಕೊಳ್ಳುವ ಸದ್ದು ನನ್ನ ಕುರ್ಚಿಗೆ ಕೇಳಿಸಿತು.

ಕಾಲು ತೊಳೆದಾದ ಮೇಲೆ ರೊಟ್ಟಿ, ದ್ರಾಕ್ಷಾರಸ. ಕುರ್ಚಿಗಳಲ್ಲಿದ್ದ ಹನ್ನೊಂದು ಜನ ಎದ್ದು ಪೀಠದ ಮುಂದೆ ಸಾಲಾಗಿ ಮೊಣಕಾಲೂರಿದರು. ನಾನೂ ಹೋದೆ. ಶಿಷ್ಯರ ಕಾಲು ತೊಳೆದ ಮೇಲೆ ಯೇಸು ಮತ್ತೆ ಊಟಕ್ಕೇ ಕೂತದ್ದು. ಅಧ್ಯಾಯದಲ್ಲಿ ಹಾಗೇ ಇದೆ, ನಡುವೆ ಯಾರನ್ನೂ ಎಬ್ಬಿಸಿ ಕಳಿಸಿಲ್ಲ. ಸಾಲಿನ ಕೊನೆಯಲ್ಲಿ ಕೂತು ಕೈ ಚಾಚಿದೆ. ಅಯ್ಯನವರು ಹನ್ನೊಂದನೆಯವರಿಗೆ ಕೊಟ್ಟು, ನನ್ನ ಅಂಗೈ ನೋಡಿ ನಿಂತರು. ತಟ್ಟೆ ಹಿಂದಕ್ಕೆಳೆದುಕೊಂಡರು. ಸತ್ಯಾನಂದ ನನ್ನ ಭುಜಕ್ಕೆ ತಿವಿದರು.

"ಏಯ್ ಮುಂಡೇದೆ, ಏಳು. ಅಲ್ಲಿ ನೀರು ಹಂಗೇ ಚೆಲ್ಲಾಡಿದೆ. ಯಾರಾದ್ರೂ ಜಾರಿ ಬಿದ್ರೆ ನಿಮ್ಮಪ್ಪ ಬಂದು ಎತ್ತುತಾನಾ?"

ಎದ್ದೆ. ನೆಲ ಒರೆಸಿದೆ. ನನ್ನ ಹಿಂದೆ ಅವರು ಒಂದೇ ಬಟ್ಟಲಿನಿಂದ ಒಬ್ಬರಾದ ಮೇಲೊಬ್ಬರು ಕುಡಿಯುತ್ತಿದ್ದರು.

ಎಲ್ಲ ಮುಗಿದ ಮೇಲೆ ಬೋಗುಣಿಯನ್ನೂ ಟವಲುಗಳನ್ನೂ ಆಫೀಸಿನ ಬೀರುವಿನಲ್ಲಿಡಲು ಹೋದೆ. ಬೋಗುಣಿ ಕೂರುವ ಜಾಗದಲ್ಲಿ ಫೈಲುಗಳನ್ನು ತುರುಕಿದ್ದರು. ಸರಿಸುವಾಗ ಒಂದು ಲಕೋಟೆ ಜಾರಿ ಬಿತ್ತು. ಮೇಲೆ ಬಿಷಪ್ಪರ ವಿಳಾಸ, ಅಯ್ಯನವರ ಅಕ್ಷರ. ಸ್ಟಾಂಪನ್ನೂ ಅಂಟಿಸಿದ್ದರು. ಅಂಚೆಯ ಮುದ್ರೆ ಮಾತ್ರ ಬಿದ್ದಿರಲಿಲ್ಲ. ಒಳಗೆ ನನ್ನ ಅರ್ಜಿ. ನಾಲ್ಕು ವರ್ಷದ ಹಿಂದಿನ ನನ್ನ ದಪ್ಪ ದಪ್ಪ ಅಕ್ಷರ. ಅದರ ಕೆಳಗೆ ಸತ್ಯಾನಂದರ ಪೆನ್ನಿನಲ್ಲಿ ಹೀಗಿತ್ತು:

'ಸದಸ್ಯಳಾದರೆ ಕಕ್ಕಸು ತೊಳೆಯಲು ಹೇಳುವುದು ಕಷ್ಟ. ಈ ಸಂಬಳಕ್ಕೆ ಬೇರೆಯವರು ಸಿಗುವುದಿಲ್ಲ. ಒಂದೇ ಬಟ್ಟಲಿಗೆ ಹಳೆಯ ಮನೆತನದವರೂ ಒಪ್ಪರು. ಇಲ್ಲೇ ಇರಲಿ.'

ಅದರ ಕೆಳಗೆ ಅಯ್ಯನವರ ಸಹಿ. 'ನೋಡಿದೆ.'

ಬೀರುವಿನ ಮುಂದೆ ನಿಂತುಕೊಂಡೇ ಎರಡು ಸಲ ಓದಿದೆ. ಇದಕ್ಕೆ ಬೆರಳಿಡುವ ಅಗತ್ಯ ಬೀಳಲಿಲ್ಲ. ಲಕೋಟೆಯನ್ನು ಕುಪ್ಪಸದೊಳಗೆ ಸೇರಿಸಿಕೊಂಡು, ಬೀರುವಿಗೆ ಬೀಗ ಹಾಕಿ, ಬೀಗದ ಕೈಯನ್ನು ಮೊಳೆಗೆ ತಗುಲಿಸಿ ಹೊರಟೆ.

"ಏನಕ್ಕಾ, ಮಖ ಹಿಂಗೈತೆ?" ಎಂದ ಮುನಿರಾಮಪ್ಪ. ತೋರಿಸಿದೆ. ಅವನಿಗೆ ಓದು ಬಾರದು, ನಾನೇ ಓದಿ ಹೇಳಿದೆ.

"ಕಳ್ ನನ್ಮಕ್ಳು! ಇಷ್ಟ್ ವರ್ಸ ನಿನ್ ಕೈಲಿ ಪುಸ್ತಕ ಓದಿಸ್ಕಂಡು ಇವರು ಬರ್ದಿಟ್ಟಿದ್ದು ಇದಾ? ಹರ್ದು ಅವರ ಮಖಕ್ಕೆಸಿ ಅಕ್ಕಾ."

"ಹರಿದ್ರೆ ಬಿಷಪ್ಪರು ಓದೋದೇನು?"

"ಅವ್ರು ಓದ್ಬುಟ್ರೆ? ಮೇಲಿನೋರೂ ಇಂತೋರೇ ಇರ್ತಾರೆ. ಕೆಲ್ಸಾನೂ ಹೋಯ್ತದೆ, ಅದೂ ಇಲ್ಲ, ಇದೂ ಇಲ್ಲ."

"ಇಂತೋರೇ ಅಂತ ಆದ್ರೂ ಗೊತ್ತಾಗ್ಲಿ. ಗೊತ್ತಿಲ್ದೆ ಕಾಯೋದು ಸಾಕು."

ಶುಕ್ರವಾರ ಗುಡ್ ಫ್ರೈಡೆ, ಪೋಸ್ಟಾಫೀಸಿಗೆ ರಜ. ಶನಿವಾರ ಬೆಳಿಗ್ಗೆ ಗೋರಿಪಾಳ್ಯದ ನನ್ನ ಕೋಣೆಯಲ್ಲಿ, ಅರ್ಜಿಯಲ್ಲಿ ಉಳಿದಿದ್ದ ನಾಲ್ಕು ಬೆರಳು ಜಾಗದಲ್ಲಿ ಬರೆದೆ. ಅವರ ಬರಹವನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೇ ಬರೆದೆ:

'ವಿಶ್ವಾಸದ ಅರ್ಥ ತಿಳಿದುಕೊಂಡು ಬಾ ಎಂದರು. ಯೋಹಾನ ಹದಿಮೂರು, ಏಳನೆಯ ವಚನ ಓದಿದ್ದೇನೆ. ಮೇಲೆ ಇವರು ಬರೆದದ್ದನ್ನೂ ಓದಿದ್ದೇನೆ. ಎರಡೂ ನನಗೆ ಅರ್ಥವಾಗಿವೆ. ಇವೆರಡರಲ್ಲಿ ನಿಮ್ಮ ಸಭೆಯದು ಯಾವುದು ತಿಳಿಸಿ. ಇಂತಿ, ಪಾರ್ವತಮ್ಮ.'

ಚಾಮರಾಜಪೇಟೆಯ ಪೋಸ್ಟಾಫೀಸಿನಲ್ಲಿ ನನ್ನ ಮುಂದೆ ಆರು ಜನ ಇದ್ದರು. ಸಾಲಿನಲ್ಲಿದ್ದಾಗಲೇ ಫೋನು ಬಂತು. ಮುನಿರಾಮಪ್ಪ. ಅವನ ಹಿಂದೆ ಸತ್ಯಾನಂದರ ಗಂಟಲು ಕೇಳಿಸುತ್ತಿತ್ತು.

"ಅಕ್ಕೋ, ಎಲ್ಲಿದ್ದೀಯ? ಹತ್ ಗಂಟೆ ಆಯ್ತು. ನಾಳೆ ಈಸ್ಟರ್ ಅಂತೆ, ಒಂದ್ ಬೆಂಚೂ ಒರೆಸಿಲ್ಲ, ಕಕ್ಕಸು ನಾರ್ತಾ ಐತೆ ಅಂತ ಸೆಕ್ರೆಟರಿ ಸಾಯೇಬ್ರು ಕುಣೀತಾವ್ರೆ. ಏನ್ ಹೇಳ್ಲಿ?"

"ಪೊರಕೆ ಬಾಗಿಲ ಹಿಂದೆ ಐತೆ ಅನ್ನು. ಆಸಿಡ್ಡು ಹುಷಾರು, ಕೈ ಸುಡ್ತದೆ ಅನ್ನು."

ಆ ಕಡೆ ಅವನು ಅದನ್ನು ಹಾಗೇ ಗಟ್ಟಿಯಾಗಿ ಹೇಳಿದ. ಸತ್ಯಾನಂದ ಏನೆಂದರೋ, ಕೇಳಲು ನಾನು ನಿಲ್ಲಲಿಲ್ಲ. ಫೋನು ಆರಿಸಿ ಚೀಲಕ್ಕೆ ಹಾಕಿದೆ.

ಕೌಂಟರಿನ ಹುಡುಗಿ ಲಕೋಟೆ ತಿರುಗಿಸಿ ನೋಡಿದಳು. "ಸ್ಟಾಂಪ್ ಹಳೇದು, ಇದು ಸಾಲಲ್ಲ ಅಜ್ಜಿ. ಸ್ಪೀಡ್ ಪೋಸ್ಟಾ?"

"ಹ್ಞೂಂ ಕಂದ. ಕೈಯಲ್ಲೇ ಕೊಟ್ಟು ಸಹಿ ಹಾಕಿಸ್ಕೋಬೇಕು, ಅಂಥದ್ದು."

"ಕಳಿಸೋರ ಹೆಸ್ರು, ವಿಳಾಸ ಇಲ್ಲಿ ಬರೀಬೇಕು. ಬರಿಯಕ್ಕೆ ಬರತ್ತಾ, ನಾನು ಬರ್ಕೊಡ್ಲಾ?"

"ಬರತ್ತೆ," ಎಂದು ಪೆನ್ನು ಈಸಿಕೊಂಡೆ.

ನಿಧಾನವಾಗಿ ಬರೆದೆ. ಹಿಂದಿನವರು ಗೊಣಗಿದರು, ಗೊಣಗಲಿ. ಹುಡುಗಿ ತೂಕ ನೋಡಿ, ಪಟ್ಟಿ ಅಂಟಿಸಿ, ಮುದ್ರೆ ಒತ್ತಿದಳು. ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಎಸೆದು, "ನೆಕ್ಸ್ಟ್" ಎಂದಳು.